ಎರಡು ಸಿಸೇರಿಯನ್ ಆಗಿದೆ, ಈಗ ಮಾಸು ಕೆಳಗೆ ಕೂತಿದೆ, ಅಕ್ರೀಟಾ ಅನುಮಾನ ಅಂತಾರೆ. ಗೊತ್ತಿದ್ದವರು ಹೇಳಿ

ಸಾಗರದ ಸೊಸೆ

ಎಲ್ಲರಿಗೂ ನಮಸ್ಕಾರ. ನನಗೆ 32 ವರ್ಷ. ಮೊದಲೆರಡು ಹೆರಿಗೆಯೂ ಸಿಸೇರಿಯನ್. ಇದು ಮೂರನೇ ಬಸಿರು, ಈಗ 28 ವಾರ. ಐದನೇ ತಿಂಗಳ ಸ್ಕ್ಯಾನಿಂಗಿನಲ್ಲಿ ‘ಮಾಸು ಕೆಳಗಿದೆ, ಮೇಲೆ ಹೋಗಬಹುದು, ಆಮೇಲೆ ನೋಡೋಣ’ ಅಂದಿದ್ದರು. ನಿನ್ನೆ ಮತ್ತೆ ಮಾಡಿಸಿದೆವು. ಮೇಲೆ ಹೋಗಿಲ್ಲ. ಗರ್ಭಕೋಶದ ಬಾಯಿಯನ್ನು ಪೂರ್ತಿ ಮುಚ್ಚಿದೆಯಂತೆ. ಹಳೇ ಹೊಲಿಗೆ ಇರುವ ಕಡೆಯೇ ಕೂತಿದೆಯಂತೆ. ರಿಪೋರ್ಟಿನ ಕೊನೆಯಲ್ಲಿ ‘ಅಕ್ರೀಟಾ ಸ್ಪೆಕ್ಟ್ರಮ್ ಅನುಮಾನ’ ಎಂದು ಬರೆದಿದ್ದಾರೆ.

ನಮ್ಮ ಡಾಕ್ಟರು ‘ಇಲ್ಲಿ ಮಾಡುವುದಿಲ್ಲ, ಈಗಲೇ ದೊಡ್ಡ ಆಸ್ಪತ್ರೆಯಲ್ಲಿ ತೋರಿಸಿ’ ಅಂದರು. ಗರ್ಭಕೋಶ ತೆಗೆಯಬೇಕಾಗಿ ಬರಬಹುದು ಅಂತಲೂ ಅಂದರು. ಅತ್ತೆಗೆ ಸಿಟ್ಟು. ‘ಎರಡೂ ಇಲ್ಲೇ ಆಗಿದೆ, ಮೂರನೆಯದಕ್ಕೆ ಯಾಕೆ ಊರೂರು ಸುತ್ತಬೇಕು’ ಅಂತಾರೆ. ನನಗೆ ನೋವಿಲ್ಲ, ಒಂದು ಹನಿ ರಕ್ತವೂ ಹೋಗಿಲ್ಲ. ಆರಾಮಾಗಿಯೇ ಇದ್ದೇನೆ. ನಿಜವಾಗಿಯೂ ಇಷ್ಟು ಹೆದರಬೇಕಾ?

ಅರಿವಳಿಕೆ ಮೈಸೂರು

ಆಪರೇಷನ್ ಟೇಬಲ್ಲಿನ ತಲೆಯ ಕಡೆ ನಿಲ್ಲುವ ಡಾಕ್ಟರು ನಾನು. ನಿಮ್ಮ ಸ್ಕ್ಯಾನ್ ನೋಡದೆ ಅದು ಹೌದು, ಅಲ್ಲ ಅಂತ ಹೇಳಲಾರೆ. ಆದರೆ ‘ಇಲ್ಲಿ ಮಾಡುವುದಿಲ್ಲ’ ಅಂತ 28ನೇ ವಾರಕ್ಕೇ ಹೇಳಿದ ನಿಮ್ಮ ಡಾಕ್ಟರಿಗೆ ಒಂದು ನಮಸ್ಕಾರ ಹೇಳಿ.

ಮಾಸು ಅಂದರೆ ಪ್ಲಸೆಂಟಾ. ಅದು ಗರ್ಭಕೋಶದ ಒಳಪದರದ ಮೇಲೆ ಕೂರುತ್ತದೆ. ಮಗು ಹುಟ್ಟಿದ ಮೇಲೆ ಆ ಪದರದಿಂದ ಬಿಡಿಸಿಕೊಂಡು ತಾನೇ ಬೀಳುತ್ತದೆ. ಸಿಸೇರಿಯನ್ ಗಾಯ ಮಾಯ್ದ ಜಾಗದಲ್ಲಿ ಈ ಪದರ ಸರಿಯಾಗಿ ಬೆಳೆದಿರುವುದಿಲ್ಲ. ಮುಂದಿನ ಬಸಿರಿನಲ್ಲಿ ಮಾಸು ಅಲ್ಲೇ ಕೂತರೆ ನೇರವಾಗಿ ಗರ್ಭಕೋಶದ ಸ್ನಾಯುವಿಗೇ ಕಚ್ಚಿಕೊಳ್ಳುತ್ತದೆ, ಹಳೇ ಗೋಡೆಯ ಬಿರುಕಿನಲ್ಲಿ ಅರಳಿ ಗಿಡ ಬೇರು ಬಿಟ್ಟ ಹಾಗೆ. ಗಿಡ ಕಿತ್ತರೆ ಗಾರೆಯೂ ಕಿತ್ತು ಬರುತ್ತದೆ. ಮೇಲ್ಮೇಲೆ ಕಚ್ಚಿದ್ದರೆ ಅಕ್ರೀಟಾ, ಸ್ನಾಯುವಿನೊಳಗೆ ಇಳಿದಿದ್ದರೆ ಇಂಕ್ರೀಟಾ, ಗರ್ಭಕೋಶ ದಾಟಿ ಮೂತ್ರಚೀಲದ ತನಕ ಹೋಗಿದ್ದರೆ ಪರ್ಕ್ರೀಟಾ. ಮೂರೂ ಸೇರಿ ಸ್ಪೆಕ್ಟ್ರಮ್. (ಮಾಸೇ ಕೊರೆದುಕೊಂಡು ಹೋಗುತ್ತದೆ ಎಂದು ನಾವೆಲ್ಲ ಓದಿಕೊಂಡು ಬಂದವರು. ಈಗ ಕೆಲವು ತಜ್ಞರು ಹಳೇ ಗಾಯದ ಜಾಗವೇ ಹಿಗ್ಗಿ ತೆಳುವಾಗಿ ಬಿಟ್ಟುಕೊಳ್ಳುತ್ತದೆ, ಮಾಸಿನದೇನೂ ತಪ್ಪಿಲ್ಲ ಅನ್ನುತ್ತಿದ್ದಾರೆ. ಆ ಜಗಳ ನಮ್ಮೊಳಗಿನದು, ಬಿಡಿ.)

ತುಂಬು ಬಸಿರಿನಲ್ಲಿ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಜಾಸ್ತಿ ರಕ್ತ ಹರಿಯುತ್ತಿರುತ್ತದೆ. ಮೈಯಲ್ಲಿ ಇರುವುದೇ ಐದಾರು ಲೀಟರು. ಕಚ್ಚಿಕೊಂಡ ಮಾಸನ್ನು ಗೊತ್ತಿಲ್ಲದೆ ಕೈ ಹಾಕಿ ಎಳೆದರೆ ಏನಾಗುತ್ತದೆ ಅಂತ ನೀವೇ ಲೆಕ್ಕ ಹಾಕಿ.

ಅಮೆರಿಕದಲ್ಲಿ 30,000ಕ್ಕೂ ಹೆಚ್ಚು ಸಿಸೇರಿಯನ್‌ಗಳನ್ನು ನೋಡಿ 2006ರಲ್ಲಿ ಒಂದು ಅಧ್ಯಯನ ಬಂತು. ಈಗಲೂ ಎಲ್ಲರೂ ಹೇಳುವುದು ಅದನ್ನೇ. ಮಾಸು ಬಾಯಿಗೆ ಅಡ್ಡ ಬಂದವರನ್ನಷ್ಟೇ ತೆಗೆದುಕೊಂಡರೆ, ಮೊದಲ ಸಿಸೇರಿಯನ್ನಿನಲ್ಲಿ ಅಕ್ರೀಟಾ ಕಂಡದ್ದು 100ಕ್ಕೆ 3 ಮಂದಿಗೆ. ಎರಡನೆಯದರಲ್ಲಿ 11. ಮೂರನೆಯದರಲ್ಲಿ 40. ನಾಲ್ಕನೆಯದರಲ್ಲಿ 61. ನಿಮ್ಮದು ಮೂರನೆಯದು. ರಕ್ತ ಹೋಗಿಲ್ಲ ಅನ್ನುವುದು ಸಂತೋಷ, ಆದರೆ ಅದರಿಂದ ಅಕ್ರೀಟಾ ಇಲ್ಲ ಅಂತಾಗುವುದಿಲ್ಲ. ಎಷ್ಟೋ ಮಂದಿಗೆ ಹೆರಿಗೆ ದಿನದ ತನಕ ಏನೂ ತೊಂದರೆ ಇರುವುದಿಲ್ಲ.

ಸುಮ್ನೆ ಓದುವವ

ನಮ್ಮಜ್ಜಿ ಹತ್ತು ಹೆತ್ತರು. ಸ್ಕ್ಯಾನಿಂಗೂ ಇಲ್ಲ, ಸ್ಪೆಕ್ಟ್ರಮ್ಮೂ ಇಲ್ಲ. ಈಗ ಹೆರಿಗೆ ಅಂದರೆ ಹೆದರಿಸೋದು, ದುಡ್ಡು ಮಾಡೋದು. ಮೇಡಂ, ಇನ್ನೊಂದು ಕಡೆ ಕೇಳಿ ನೋಡಿ. ಅಷ್ಟಕ್ಕೂ ಎರಡು ಸಿಸೇರಿಯನ್ ಆದಮೇಲೆ ಮೂರನೆಯದು ಬೇಕಿತ್ತಾ?

ರಿಟೈರ್ಡ್ ಸಿಸ್ಟರಮ್ಮ

ಮೂರನೆಯದು ಬೇಕಿತ್ತಾ ಅನ್ನುವುದು ಆ ಹುಡುಗಿ ಮತ್ತು ಅವಳ ಗಂಡನಿಗೆ ಬಿಟ್ಟದ್ದು. ಅವಳು ಇಲ್ಲಿ ಕೇಳಿದ್ದು ಅದನ್ನಲ್ಲ.

ಇನ್ನು ನಿಮ್ಮಜ್ಜಿ ವಿಷಯ. ನಾನು ಎಎನ್‌ಎಂ (ಹಳ್ಳಿಗಳಲ್ಲಿ ಹೆರಿಗೆ, ಬಾಣಂತನ ನೋಡುವ ಆರೋಗ್ಯ ಸಹಾಯಕಿ) ಆಗಿ ರಾಯಚೂರು ಕಡೆ ಸೇವೆಗೆ ಸೇರಿದಾಗ ಮನೆಯಲ್ಲೇ ಹೆರಿಗೆ ಜಾಸ್ತಿ. ಮಾಸು ಬೀಳದೆ ರಕ್ತ ಹೋಗಿ ತೀರಿಕೊಂಡ ಬಾಣಂತಿಯರನ್ನು ನೋಡಿದ್ದೇನೆ. ಹತ್ತು ಹೆತ್ತ ಅಜ್ಜಿಯರು ಮೊಮ್ಮಕ್ಕಳ ಬಾಯಲ್ಲಿ ಉಳಿದರು. ಹಾಗೆ ಹೋದವರ ಕಥೆ ಹೇಳುವವರು ಯಾರು? ಅಲ್ಲದೆ ನಿಮ್ಮಜ್ಜಿಗೆ ಸಿಸೇರಿಯನ್ ಆಗಿರಲಿಲ್ಲ. ಈ ಕಾಯಿಲೆ ಜಾಸ್ತಿಯಾಗಿದ್ದೇ ಹೊಟ್ಟೆ ಕೊಯ್ಯುವುದು ಜಾಸ್ತಿಯಾದ ಮೇಲೆ.

ತಂಗೀ, ನಿನ್ನ ಹಿಮೋಗ್ಲೋಬಿನ್ ಎಷ್ಟಿದೆ? ಅದನ್ನು ಯಾಕೆ ಬರೆದಿಲ್ಲ? ಈಗ ಕೈಯಲ್ಲಿರುವ ಕೆಲಸ ಅದೊಂದೇ. ಐರನ್ ಮಾತ್ರೆಯನ್ನು ಕಾಫಿ, ಟೀ, ಹಾಲಿನ ಜೊತೆ ನುಂಗಬೇಡ. ಲಿಂಬೆಹಣ್ಣಿನ ಶರಬತ್ತಿನ ಜೊತೆ ತಗೋ. ಮಾತ್ರೆಯಿಂದ ಏರದಿದ್ದರೆ ನರಕ್ಕೆ ಕೊಡುವ ಐರನ್ ಇಂಜೆಕ್ಷನ್ ಇದೆ, ಕೇಳು. ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ತಪಾಸಣೆ ಉಚಿತವಾಗಿ ಇರುತ್ತದೆ. ತಾಯಿ ಕಾರ್ಡ್ ತಗೊಂಡು ಹೋಗು, ಅಪಾಯದ ಬಸಿರು ಅಂತ ಕೆಂಪು ಸ್ಟಿಕ್ಕರ್ ಹಾಕಿಸಿಕೊ. ಆಶಾ ಕಾರ್ಯಕರ್ತೆಗೂ ಹೇಳಿರು. ರಾತ್ರಿ ಹೊತ್ತು 108 ಹತ್ತಿದರೆ ಆ ಸ್ಟಿಕ್ಕರ್ ನೋಡಿಯೇ ಎದುರಿನವರಿಗೆ ಅರ್ಥ ಆಗುತ್ತದೆ.

ಗದಗದಾಕಿ

ಈ ಚರ್ಚೆ ನೋಡಿ ಬರೆಯದೆ ಇರಲಿಕ್ಕೆ ಆಗಲಿಲ್ಲ. ನನಗೆ ಇದೇ ಆಗಿತ್ತು ರೀ. ಆದರೆ ನಿಮ್ಮ ಹಾಗೆ ಮೊದಲೇ ಗೊತ್ತಾಗಿರಲಿಲ್ಲ.

ಮೊದಲನೆಯದು ಸಿಸೇರಿಯನ್. ಎರಡನೆಯದಕ್ಕೂ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ದಿನ ಗೊತ್ತು ಮಾಡಿದ್ದರು. ಮಾಸು ಕೆಳಗಿದೆ ಅಂತ ರಿಪೋರ್ಟಿನಲ್ಲಿ ಇತ್ತು. ಅದಕ್ಕಿಂತ ಹೆಚ್ಚು ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಸೊಂಟಕ್ಕೆ ಇಂಜೆಕ್ಷನ್ ಕೊಟ್ಟರು, ಹೊಟ್ಟೆ ತೆರೆದರು. ನನಗೆ ಎಚ್ಚರ ಇತ್ತು. ಡಾಕ್ಟರು ಒಮ್ಮೆಲೇ ಸುಮ್ಮನಾದರು. ಆಮೇಲೆ ಒಬ್ಬರಿಗೊಬ್ಬರು ಏನೋ ಪಿಸುಗುಟ್ಟಿದರು. ಗರ್ಭಕೋಶದ ಕೆಳಭಾಗ ಉಬ್ಬಿ, ನೇರಳೆ ಬಣ್ಣಕ್ಕೆ ತಿರುಗಿ, ಮೇಲೆಲ್ಲ ದಪ್ಪ ದಪ್ಪ ರಕ್ತನಾಳ ಹರಡಿತ್ತಂತೆ. ಆ ಡಾಕ್ಟರು ಗರ್ಭಕೋಶವನ್ನು ಮುಟ್ಟಲಿಲ್ಲ. ಮಗು ಒಳಗಿರುವಾಗಲೇ ಹೊಟ್ಟೆಯನ್ನು ವಾಪಸ್ ಹೊಲಿದು ಹುಬ್ಬಳ್ಳಿಗೆ ಕಳಿಸಿದರು.

ಹೊರಗೆ ನಮ್ಮವರ ಗಲಾಟೆ ಕೇಳಬೇಡಿ. ‘ಹೊಟ್ಟೆ ಕೊಯ್ದು ಕೂಸು ತೆಗೆಯಲಿಕ್ಕೆ ಬರದ ಡಾಕ್ಟರು’ ಅಂತ ನಮ್ಮ ಮಾವ ಕೈ ಎತ್ತಲಿಕ್ಕೇ ಹೋಗಿದ್ದರಂತೆ. ಹುಬ್ಬಳ್ಳಿಯಲ್ಲಿ ರಕ್ತ ಹೊಂದಿಸಿಕೊಂಡು, ಮೂತ್ರಕೋಶದ ಡಾಕ್ಟರನ್ನೂ ಕರೆಸಿಕೊಂಡು ಆಪರೇಷನ್ ಮಾಡಿದರು. ಮಗಳು ಬದುಕಿದಳು, ನಾನೂ ಬದುಕಿದೆ. ಗರ್ಭಕೋಶ ಹೋಯಿತು. ಮೂತ್ರಚೀಲ ಸ್ವಲ್ಪ ಹರಿದಿತ್ತು, ಹೊಲಿದು ಕೆಲವು ವಾರ ಕೊಳವೆ ಬಿಟ್ಟಿದ್ದರು. ಮುಚ್ಚಿ ಕಳಿಸಿದ ಡಾಕ್ಟರಿಂದಲೇ ನಾನು ಉಳಿದದ್ದು ಅಂತ ಹುಬ್ಬಳ್ಳಿಯವರು ತಿಳಿಸಿ ಹೇಳಿದ ಮೇಲೂ ನಮ್ಮ ಮಾವನ ತಲೆಗೆ ಅದು ಪೂರ್ತಿ ಇಳಿದಿಲ್ಲ.

ಆಮೇಲಿನದನ್ನು ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಮುಟ್ಟು ನಿಂತಿತು. ಆದರೆ ಅಂಡಾಶಯ ಉಳಿಸಿದ್ದರು. ಹಾಗಾಗಿ ಮುದುಕಿ ಆಗಿಬಿಡುತ್ತಿ ಅಂತ ಓಣಿಯವರು ಹೇಳಿದ್ದೆಲ್ಲ ಸುಳ್ಳು. ಮೈಗೆ ಬೇಕಾದ ಹಾರ್ಮೋನು ಅಲ್ಲಿಂದ ಬರುತ್ತಲೇ ಇದೆ. ಎದೆ ಹಾಲು ಬಂತು, ತಡವಾಗಿ ಬಂತು. ಬಾಣಂತನದಲ್ಲಿ ರಾತ್ರಿ ಬೆಚ್ಚಿ ಏಳುತ್ತಿದ್ದೆ. ಆಪರೇಷನ್ ಕೋಣೆಯ ಸ್ಪಿರಿಟ್ ವಾಸನೆ ಬಂದ ಹಾಗೆ ಆಗುತ್ತಿತ್ತು. ‘ಕೂಸು ಛಲೋ ಐತಲ್ಲ, ಅಳೋದು ಯಾಕೆ’ ಅನ್ನುತ್ತಿದ್ದರು. ಒಬ್ಬ ಮನೋವೈದ್ಯೆಯ ಹತ್ತಿರ ಹೋದ ಮೇಲೆ ನಿದ್ದೆ ಬಂತು. ಇದನ್ನೂ ಲೆಕ್ಕದಲ್ಲಿ ಇಟ್ಟುಕೊಳ್ಳಿ ತಂಗಿ.

ಲೀಡ್ಸ್ ಕನ್ನಡತಿ

ಗದಗದ ಅಕ್ಕಾ, ಓದಿ ಮೈ ಜುಂ ಅಂತು. ನಾನು ಇಂಗ್ಲೆಂಡಿನಲ್ಲಿ ಮಿಡ್‌ವೈಫ್, ಅಂದರೆ ಹೆರಿಗೆ ಮಾಡಿಸುವವಳು. ನಿಮ್ಮ ಡಾಕ್ಟರು ಮಾಡಿದ್ದನ್ನೇ ಈಗಿನ ಮಾರ್ಗಸೂಚಿಗಳೂ ಹೇಳುತ್ತವೆ. ಹೊಟ್ಟೆ ತೆರೆದ ಮೇಲೆ ಅಕ್ರೀಟಾ ಕಂಡರೆ, ತಾಯಿ ಮಗು ಇಬ್ಬರೂ ಸ್ಥಿರವಾಗಿದ್ದರೆ, ಗರ್ಭಕೋಶ ಕೊಯ್ಯಬೇಡಿ, ತಂಡ ಬರುವ ತನಕ ಕಾಯಿರಿ ಅಥವಾ ಮುಚ್ಚಿ ಕಳಿಸಿ ಅಂತ. ಗುರುತು ಹಿಡಿಯುವುದರಲ್ಲಿ ಇಲ್ಲಿಯವರೇನೂ ಜಾಣರಲ್ಲ. ಬ್ರಿಟನ್ನಿನಲ್ಲಿ 134 ಅಕ್ರೀಟಾ ತಾಯಂದಿರ ದಾಖಲೆ ನೋಡಿದಾಗ ಅರ್ಧದಷ್ಟು ಮಂದಿಗೆ ಹೆರಿಗೆಗೆ ಮೊದಲು ಯಾರಿಗೂ ಅನುಮಾನವೇ ಬಂದಿರಲಿಲ್ಲ.

ಸಾಗರದವರಿಗೆ: ಯೋನಿಯ ಒಳಗಿನಿಂದ ಮಾಡುವ ಸ್ಕ್ಯಾನ್ ಬೇಡ ಅನ್ನಬೇಡಿ. ಮಾಸು ಕೆಳಗಿದ್ದರೂ ಅದು ಸುರಕ್ಷಿತ, ಚಿತ್ರವೂ ಚೆನ್ನಾಗಿ ಬರುತ್ತದೆ. ಕೈ ಬೆರಳು ಹಾಕಿ ಪರೀಕ್ಷೆ ಮಾಡುವುದು ಮಾತ್ರ ಬೇಡ. ಗಂಡ ಹೆಂಡತಿ ಸೇರುವುದೂ ಬೇಡ. ಕಲರ್ ಡಾಪ್ಲರ್ (ರಕ್ತದ ಹರಿವು ತೋರಿಸುವ ಸ್ಕ್ಯಾನ್) ಮಾಡಿ ಮಾಸಿನಲ್ಲಿ ರಕ್ತ ತುಂಬಿದ ಗುಳಿಗಳಿವೆಯಾ, ಗರ್ಭಕೋಶಕ್ಕೂ ಮೂತ್ರಚೀಲಕ್ಕೂ ನಡುವಿನ ಗೆರೆ ಸರಿಯಾಗಿ ಕಾಣುತ್ತಾ ಅಂತ ನೋಡುತ್ತಾರೆ. ಎಂಆರ್‌ಐ ಎಲ್ಲರಿಗೂ ಬೇಕಿಲ್ಲ.

ನೋವು ಬರುವ ತನಕ ಕಾಯುವುದಿಲ್ಲ. ಅಮೆರಿಕದಲ್ಲಿ 34ರಿಂದ 36 ವಾರದ ಒಳಗೆ, ನಮ್ಮಲ್ಲಿ 35ರಿಂದ 37ರ ಒಳಗೆ ತೆಗೆಯುತ್ತಾರೆ. ಮಗುವಿನ ಶ್ವಾಸಕೋಶ ಗಟ್ಟಿಯಾಗಲು ಅಮ್ಮನಿಗೆ ಮೊದಲೇ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. ಹೊಟ್ಟೆಯ ಮೇಲೆ ಗಾಯ ಉದ್ದಕ್ಕೆ ಬರಬಹುದು. ಮಾಸು ಇಲ್ಲದ ಕಡೆ, ಗರ್ಭಕೋಶದ ಮೇಲ್ಭಾಗದಲ್ಲಿ ಕೊಯ್ದು ಮಗುವನ್ನು ತೆಗೆಯುತ್ತಾರೆ. ಮಾಸನ್ನು ಮುಟ್ಟದೆ ಹೊಕ್ಕುಳಬಳ್ಳಿ ಕಟ್ಟಿ, ಗರ್ಭಕೋಶದ ಸಮೇತ ಹೊರಗೆ ತೆಗೆಯುತ್ತಾರೆ. ಮಗು ದಿನ ತುಂಬುವ ಮೊದಲೇ ಹುಟ್ಟುವುದರಿಂದ ಎನ್‌ಐಸಿಯು (ಹಸುಗೂಸುಗಳ ತೀವ್ರ ನಿಗಾ ಘಟಕ) ಇರುವ ಜಾಗವೇ ಆಗಬೇಕು.

ದಾವಣಗೆರೆ ಬೆಣ್ಣೆ

ಒಂದು ಮಾತು ಹೇಳಲೇಬೇಕು. ಮೊದಲ ಹೆರಿಗೆಗೇ ‘ನಕ್ಷತ್ರ ನೋಡಿಸಿದ್ದೇವೆ, ಬೆಳಿಗ್ಗೆ ಇಷ್ಟು ಗಂಟೆಗೆ ತೆಗೆಯಿರಿ’ ಅಂತ ಕೇಳುವವರು ಇದನ್ನೆಲ್ಲ ಓದಬೇಕು. ನಮ್ಮ ಓರಗಿತ್ತಿಗೆ ಹಾಗೇ ಮಾಡಿಸಿದರು. ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಸಿಸೇರಿಯನ್ ಪ್ರಮಾಣ 2015-16ರಲ್ಲಿ ಶೇ. 23.6 ಇದ್ದದ್ದು 2019-21ರಲ್ಲಿ ಶೇ. 31.5ಕ್ಕೆ ಏರಿದೆ. ತೆಲಂಗಾಣದಲ್ಲಂತೂ ಶೇ. 60 ದಾಟಿದೆ.

ಸುಮ್ನೆ ಓದುವವ

ನಾನು ಹೇಳಿದ್ದೂ ಅದೇ ಅಲ್ವಾ! ದುಡ್ಡಿಗೋಸ್ಕರ ಕೊಯ್ಯೋದು.

ಅರಿವಳಿಕೆ ಮೈಸೂರು

ಬೇಡದ ಸಿಸೇರಿಯನ್ ಆಗುತ್ತಿದೆ ಅನ್ನುವುದನ್ನು ಒಪ್ಪುತ್ತೇನೆ. ಮುಹೂರ್ತಕ್ಕೆ ಒತ್ತಡ ಹಾಕುವುದು ಮನೆಯವರು, ಬಗ್ಗುವುದು ಡಾಕ್ಟರು. ಇಬ್ಬರ ಪಾಲೂ ಇದೆ. ಆದರೆ ಅದೇ ಸಿಟ್ಟಿನಲ್ಲಿ, ಎರಡು ಸಲ ಕೊಯ್ದ ಹೊಟ್ಟೆಯವರಿಗೆ ‘ಸ್ಕ್ಯಾನಿಂಗ್ ನಂಬಬೇಡಿ’ ಅಂದರೆ ಜೀವ ಹೋಗುತ್ತದೆ. ಹಳೆಯ ಸಿಸೇರಿಯನ್ ಬೇಕಿತ್ತಾ ಬೇಡವಾಗಿತ್ತಾ ಅನ್ನುವುದು ಈಗಿನ ಮಾಸಿಗೆ ಗೊತ್ತಿಲ್ಲ.

ನಿರ್ವಾಹಕರು

ಮುಹೂರ್ತದ ಸಿಸೇರಿಯನ್ ಬಗ್ಗೆ ಬೇರೆ ಚರ್ಚೆ ತೆರೆದಿದ್ದೇವೆ. ಇಲ್ಲಿಂದ 14 ಉತ್ತರಗಳನ್ನು ಅಲ್ಲಿಗೆ ಸಾಗಿಸಲಾಗಿದೆ. ದಯವಿಟ್ಟು ಆಸ್ಪತ್ರೆ, ಡಾಕ್ಟರುಗಳ ಹೆಸರು ಹಾಕಿ ಬೈಯಬೇಡಿ.

ಕೋಲಾರದ ಅಪ್ಪ

ಗಂಡಸರಿಗೆ ಒಂದು ಮಾತು. ಇದರಲ್ಲಿ ನಮ್ಮ ಕೆಲಸ ರಕ್ತ. ನನ್ನ ಹೆಂಡತಿಯದು ಬಿ ನೆಗೆಟಿವ್. ಆಪರೇಷನ್‌ಗೆ ಎರಡು ವಾರ ಮೊದಲೇ ನಾನು ರಕ್ತನಿಧಿಗೆ ಹೋಗಿ ಮಾತಾಡಿಕೊಂಡು ಬಂದೆ. ಆ ದಿನ ಓಡಾಡುತ್ತೇನೆ ಅಂದುಕೊಂಡರೆ ಕೆಟ್ಟಿರಿ. ಬದಲಿ ರಕ್ತ ಕೊಡುವವರನ್ನು ಕರೆದುಕೊಂಡು ಬನ್ನಿ ಅಂತಾರೆ. ಸ್ನೇಹಿತರು ಬರುತ್ತಾರೆ, ಆದರೆ ಅರ್ಧ ಜನ ಹಿಂದಿನ ರಾತ್ರಿ ಕುಡಿದಿರುತ್ತಾರೆ, ಇಲ್ಲವೇ ಮೊನ್ನೆ ತಾನೇ ಕೊಟ್ಟಿರುತ್ತಾರೆ. ಗಂಡಸರು ಒಮ್ಮೆ ಕೊಟ್ಟರೆ ಮೂರು ತಿಂಗಳು ಕಾಯಬೇಕು. ಪಟ್ಟಿ ಉದ್ದ ಇರಲಿ.

ರಕ್ತ ಅಂದರೆ ಬರೀ ಕೆಂಪು ರಕ್ತ ಅಲ್ಲ ಅಂತ ನನಗೆ ಗೊತ್ತಾದದ್ದೂ ಆಗಲೇ. ಪ್ಲಾಸ್ಮಾ, ಪ್ಲೇಟ್‌ಲೆಟ್ ಎಲ್ಲ ಬೇರೆ ಬೇರೆ ಚೀಲ. ಆಸ್ಪತ್ರೆಯ ಒಳಗೇ ರಕ್ತನಿಧಿ ಇದೆಯಾ ಅಂತ ಕೇಳಿ. ಊರಿನ ಆ ತುದಿಯಿಂದ ಆಟೋದಲ್ಲಿ ತರುವ ಜಾಗ ಬೇಡ.

ಅರಿವಳಿಕೆ ಮೈಸೂರು

ಲಕ್ಷ ರೂಪಾಯಿ ಮಾತು. ಜಾಸ್ತಿ ರಕ್ತ ಹೋದಾಗ ಹೆಪ್ಪುಗಟ್ಟಿಸುವ ಅಂಶವೂ ಜೊತೆಗೇ ಹರಿದುಹೋಗುತ್ತದೆ. ಬರೀ ಕೆಂಪು ಕಣ ಏರಿಸುತ್ತಾ ಹೋದರೆ ರಕ್ತ ನೀರಿನ ಹಾಗೆ ಸುರಿಯುತ್ತದೆ, ನಿಲ್ಲುವುದಿಲ್ಲ. ಅದಕ್ಕೆ ಪ್ಲಾಸ್ಮಾ ಬೇಕು. ಟ್ರಾನೆಕ್ಸಾಮಿಕ್ ಆಸಿಡ್ ಅಂತ ಒಂದು ಅಗ್ಗದ ಇಂಜೆಕ್ಷನ್ ಇದೆ. 21 ದೇಶಗಳ 20,000 ಬಾಣಂತಿಯರಲ್ಲಿ ಪರೀಕ್ಷಿಸಿದ ಫಲಿತಾಂಶ 2017ರಲ್ಲಿ ಬಂತು. ಹೆರಿಗೆಯಾಗಿ 3 ಗಂಟೆಯೊಳಗೆ ಕೊಟ್ಟರೆ ರಕ್ತಸ್ರಾವದ ಸಾವು ಕಡಿಮೆಯಾಗುತ್ತದೆ. ಮಾಮೂಲಿ ಹೆರಿಗೆಯ ರಕ್ತಸ್ರಾವಕ್ಕೂ ಇದು ಬೇಕಾಗುತ್ತದೆ. ಆದರೆ ಅಕ್ರೀಟಾಗೆ ಇದೊಂದೇ ಸಾಲದು.

ಸಾಗರದ ಸೊಸೆ

ಎಲ್ಲರ ಉತ್ತರವನ್ನೂ ಯಜಮಾನರಿಗೆ ಓದಿ ಹೇಳಿದೆ. ಗದಗದ ಅಕ್ಕನದನ್ನು ಅತ್ತೆಗೂ ಓದಿದೆ. ಅವರು ಏನೂ ಮಾತಾಡಲಿಲ್ಲ, ಆದರೆ ಊರು ಬಿಡಬೇಡ ಅನ್ನುವುದನ್ನು ನಿಲ್ಲಿಸಿದ್ದಾರೆ. ಹಿಮೋಗ್ಲೋಬಿನ್ 9.2 ಇದೆ ಸಿಸ್ಟರಮ್ಮ. ಐರನ್ ಇಂಜೆಕ್ಷನ್ ಬರೆಸಿಕೊಂಡು ಬಂದೆ.

ಈಗಿನ ತಲೆಬಿಸಿ ದಾರಿಯದು. ಕರಾವಳಿಯ ಮೆಡಿಕಲ್ ಕಾಲೇಜಿನಲ್ಲಿ ಮಾಡುತ್ತಾರಂತೆ, 34 ವಾರ ಬರುವುದು ಜುಲೈನಲ್ಲಿ. ಆ ಮಳೆಯಲ್ಲಿ ಘಾಟಿ ಯಾವಾಗ ಕುಸಿಯುತ್ತೆ, ಯಾವಾಗ ಮುಚ್ಚುತ್ತಾರೆ ಹೇಳಲಾಗದು. ಬೆಂಗಳೂರಿಗೆ ರೈಲಿದೆ, ಆದರೆ ಅಲ್ಲಿ ನಮ್ಮವರು ಅಂತ ಯಾರೂ ಇಲ್ಲ. ಕುಂದಾಪುರದಲ್ಲಿ ಚಿಕ್ಕಮ್ಮ ಇದ್ದಾರೆ.

ರಿಟೈರ್ಡ್ ಸಿಸ್ಟರಮ್ಮ

ಚಿಕ್ಕಮ್ಮನ ಮನೆಗೆ ಹೋಗು, ಯೋಚನೆ ಯಾಕೆ? ಮಳೆ ಹಿಡಿಯುವ ಮೊದಲೇ ಘಾಟಿ ಇಳಿದುಬಿಡು. ಸೀಮಂತ ಗೀಮಂತ ಅಲ್ಲೇ ಮಾಡಲಿ. ಮೊದಲ ಎರಡು ಮಕ್ಕಳ ಶಾಲೆ ಅಂತ ಹಿಂದೆಮುಂದೆ ನೋಡಬೇಡ, ಅಜ್ಜಿ ನೋಡಿಕೊಳ್ಳಲಿ. ಸುಮ್ಮನೆ ಕೂತವರಿಗೆ ಅದೊಂದು ಕೆಲಸ.

ಲೀಡ್ಸ್ ಕನ್ನಡತಿ

ಹೌದು, 32 ವಾರದ ಹೊತ್ತಿಗೆ ಆಸ್ಪತ್ರೆಗೆ ಹತ್ತಿರ ಇರಿ. ಸ್ವಲ್ಪ ರಕ್ತ ಕಂಡರೂ, ಹೊಟ್ಟೆ ಬಿಗಿದು ಬಿಟ್ಟು ಆದರೂ ಮನೆಯಲ್ಲಿ ಕೂರಬೇಡಿ. ಎಲ್ಲ ರಿಪೋರ್ಟಿನ ಫೋಟೋ ಗಂಡನ ಫೋನಿನಲ್ಲೂ ಚಿಕ್ಕಮ್ಮನ ಫೋನಿನಲ್ಲೂ ಇರಲಿ.

ಹೊಸ ಸದಸ್ಯೆ ಮಂಡ್ಯ

ನನಗೂ ಇದೇ ಅನುಮಾನ ಇದೆ, ಆದರೆ ಇನ್ನೊಂದು ಮಗು ಬೇಕು. ಗರ್ಭಕೋಶ ತೆಗೆಯದೆ ಮಾಸನ್ನು ಒಳಗೇ ಬಿಡುತ್ತಾರೆ, ಅದು ತಾನೇ ಕರಗುತ್ತದೆ ಅಂತ ಎಲ್ಲೋ ಓದಿದೆ. ನಿಜಾನಾ?

ಲೀಡ್ಸ್ ಕನ್ನಡತಿ

ನಿಜ. ಫ್ರಾನ್ಸಿನಲ್ಲಿ ಇದನ್ನು ಹೆಚ್ಚು ಮಾಡುತ್ತಾರೆ. ಅಲ್ಲಿ 167 ತಾಯಂದಿರ ಅನುಭವ 2010ರಲ್ಲಿ ಪ್ರಕಟವಾಯಿತು. ಶೇ. 78 ಮಂದಿಗೆ ಗರ್ಭಕೋಶ ಉಳಿಯಿತು. ಉಳಿದವರಿಗೆ ಹೆರಿಗೆಯ ಹೊತ್ತಿಗೋ ಆಮೇಲೋ ತೆಗೆಯಬೇಕಾಯಿತು. ಮಾಸು ಕರಗಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಅಷ್ಟು ದಿನವೂ ಸೋಂಕು, ಇದ್ದಕ್ಕಿದ್ದಂತೆ ರಕ್ತಸ್ರಾವದ ಭಯ ಇದ್ದೇ ಇರುತ್ತದೆ. ಮಾಸು ಒಳಗೆ ಇರುವ ತನಕ ಹಾಲು ಇಳಿಯುವುದೂ ತಡವಾಗಬಹುದು. ಮುಂದಿನ ಬಸಿರಿನಲ್ಲಿ ಮತ್ತೆ ಇದೇ ಆಗುವ ಸಾಧ್ಯತೆಯೂ ಜಾಸ್ತಿ. ಲಂಡನ್ನಿನಲ್ಲಿ ಕಚ್ಚಿಕೊಂಡ ಭಾಗವನ್ನಷ್ಟೇ ಕತ್ತರಿಸಿ ಹೊಲಿಯುವ ಒಂದು ವಿಧಾನವನ್ನೂ ರೂಪಿಸಿದ್ದಾರೆ. ಅದು ಎಲ್ಲರಿಗೂ ಹೊಂದುವುದಿಲ್ಲ, ಮಾಡಿ ಕೈ ಪಳಗಿದವರೂ ಬೇಕು. ಕೇಳುವುದು ನಿಮ್ಮ ಹಕ್ಕು, ಕೇಳಿ. ಆದರೆ ಆಸ್ಪತ್ರೆಯಿಂದ ಎರಡು ಗಂಟೆ ದೂರದ ಹಳ್ಳಿಯಲ್ಲಿದ್ದರೆ ಮಾಸನ್ನು ಒಳಗೇ ಉಳಿಸಿಕೊಂಡು ಮನೆಗೆ ಹೋಗುವುದಕ್ಕೆ ನಾನಂತೂ ಹೂಂ ಅನ್ನಲಾರೆ.

ತುಮಕೂರಿನ ತಂಗಿ

ವಿಷಯ ಸ್ವಲ್ಪ ಬೇರೆ, ಆದರೆ ಜಾಸ್ತಿ ರಕ್ತ ಹೋದವರಿಗೆ ಸೇರಿದ್ದು. ನಮ್ಮಕ್ಕನಿಗೆ ಹೆರಿಗೆಯಲ್ಲಿ ವಿಪರೀತ ರಕ್ತ ಹೋಯಿತು. ಹೇಗೋ ಉಳಿಸಿದರು. ಆದರೆ ಎದೆಯಲ್ಲಿ ಒಂದು ತೊಟ್ಟು ಹಾಲು ಬರಲಿಲ್ಲ. ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಮೆಂತ್ಯದ ಗಂಜಿ ಎಲ್ಲ ತಿನ್ನಿಸಿದರು. ‘ಸರಿಯಾಗಿ ಉಣ್ಣಲ್ಲ, ಅದಕ್ಕೇ’ ಅಂತ ಬೈದರು. ಮುಟ್ಟು ವಾಪಸ್ ಬರಲೇ ಇಲ್ಲ, ಗರ್ಭಕೋಶ ಇದ್ದರೂ. ಕಂಕುಳ ಕೂದಲು ಉದುರಿತು. ಬೇಸಿಗೆಯಲ್ಲೂ ಚಳಿ ಅನ್ನುತ್ತಿದ್ದಳು. ಸೋಮಾರಿ ಅನ್ನುವ ಹೆಸರೂ ಬಂತು. ಎಷ್ಟೋ ವರ್ಷದ ಮೇಲೆ ವಾಂತಿ ಭೇದಿ ಆಗಿ ಪ್ರಜ್ಞೆ ತಪ್ಪಿ ಬಿದ್ದಾಗ ರಕ್ತದಲ್ಲಿ ಸೋಡಿಯಂ ಪಾತಾಳಕ್ಕೆ ಇಳಿದಿತ್ತು. ಆಗ ಒಬ್ಬ ಕಿರಿಯ ಡಾಕ್ಟರು ‘ಹೆರಿಗೆ ಹೇಗಾಗಿತ್ತು, ಹಾಲು ಬಂದಿತ್ತಾ’ ಅಂತ ಕೇಳಿದರು. ತಲೆಯ ಎಂಆರ್‌ಐನಲ್ಲಿ ಪಿಟ್ಯುಟರಿ ಗ್ರಂಥಿ (ಮೆದುಳಿನ ಬುಡದಲ್ಲಿದ್ದು ಮೈಯ ಹಾರ್ಮೋನುಗಳನ್ನು ನಡೆಸುವ ಗ್ರಂಥಿ) ಇರಬೇಕಾದ ಜಾಗ ಹೆಚ್ಚುಕಡಿಮೆ ಖಾಲಿ. ಶೀಹಾನ್ ಸಿಂಡ್ರೋಮ್ ಅಂದರು.

ಅರಿವಳಿಕೆ ಮೈಸೂರು

ಒಳ್ಳೆಯದಾಯಿತು ಇದನ್ನು ಬರೆದದ್ದು. ಬಸಿರಿನಲ್ಲಿ ಪಿಟ್ಯುಟರಿ ದೊಡ್ಡದಾಗುತ್ತದೆ, ಆದರೆ ಅದಕ್ಕೆ ತಕ್ಕಷ್ಟು ರಕ್ತನಾಳ ಬೆಳೆಯುವುದಿಲ್ಲ. ಹೆರಿಗೆಯಲ್ಲಿ ಬಿಪಿ ಕುಸಿದರೆ ಮೊದಲು ಸಾಯುವುದು ಅದೇ. ಬ್ರಿಟನ್ನಿನ ಡಾಕ್ಟರು ಹೆರಾಲ್ಡ್ ಶೀಹಾನ್ 1937ರಲ್ಲಿ ಇದನ್ನು ಬರೆದರು. ಬಾಸ್ಟನ್ನಿನ ಇರ್ವಿಂಗ್ ಮತ್ತು ಹರ್ಟಿಗ್ ಅಕ್ರೀಟಾ ಬಗ್ಗೆ ಮೊದಲ ದೊಡ್ಡ ಲೇಖನ ಬರೆದದ್ದೂ ಅದೇ ವರ್ಷ. ಶ್ರೀಮಂತ ದೇಶಗಳಲ್ಲಿ ಶೀಹಾನ್ ಈಗ ಅಪರೂಪ. ನಮ್ಮಲ್ಲಿ ಇನ್ನೂ ಸಿಗುತ್ತದೆ, ಅದೂ ವರ್ಷಗಟ್ಟಲೆ ತಡವಾಗಿ.

ಜಾಸ್ತಿ ರಕ್ತ ಹೋದ ಬಾಣಂತಿಗೆ ಹಾಲು ಬರದಿದ್ದರೆ, ಮುಟ್ಟು ಮರಳದಿದ್ದರೆ, ಸದಾ ಸುಸ್ತಾದರೆ ಹಾರ್ಮೋನು ಪರೀಕ್ಷೆ ಮಾಡಿಸಿ. ಬರೀ ಥೈರಾಯ್ಡ್ ಮಾತ್ರೆ ಕೊಟ್ಟು ಕಳಿಸಿದರೆ ಅಪಾಯ. ಕಾರ್ಟಿಸಾಲ್ (ಒತ್ತಡ ತಾಳಲು ಮೈಗೆ ಬೇಕಾದ ಹಾರ್ಮೋನು) ಕೊರತೆ ಇದ್ದರೆ ಮೊದಲು ಸ್ಟೀರಾಯ್ಡ್, ಆಮೇಲೆ ಥೈರಾಯ್ಡ್. ನಿಮ್ಮಕ್ಕ ಈಗ ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿರಬೇಕಲ್ವಾ?

ತುಮಕೂರಿನ ತಂಗಿ

ಹೌದು ಸರ್, ದಿನಾ ಎರಡು ಹೊತ್ತು. ಮಾತ್ರೆ ಶುರುವಾದ ಮೇಲೆ ಮನುಷ್ಯಳೇ ಬದಲಾದಳು, ಈಗ ಮನೆಯಲ್ಲಿ ಜಗಳವನ್ನೂ ಆಡುತ್ತಾಳೆ. ಮುಂದಿನ ತಿಂಗಳು ಹಲ್ಲು ಕೀಳಿಸಬೇಕಂತೆ. ಅದಕ್ಕೇನಾದರೂ ಮಾಡಬೇಕಾ?

ಅರಿವಳಿಕೆ ಮೈಸೂರು

ಹಲ್ಲಿನ ಡಾಕ್ಟರಿಗೆ ಮೊದಲೇ ಹೇಳಿ. ಆ ದಿನದ ಡೋಸ್ ಏರಿಸಬೇಕಾ ಅಂತ ಮಾತ್ರೆ ಬರೆದವರನ್ನೇ ಕೇಳಿಕೊಳ್ಳಿ. ಜ್ವರ ಬಂದರೂ ಡೋಸ್ ಏರಿಸಬೇಕಾಗುತ್ತದೆ. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ತೆಗೆದುಕೊಳ್ಳಬೇಕು. ‘ಸ್ಟೀರಾಯ್ಡ್ ಮೇಲಿದ್ದಾರೆ, ನಿಲ್ಲಿಸಬಾರದು’ ಅಂತ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದ ಚೀಟಿ ಅವರ ಪರ್ಸಿನಲ್ಲಿ ಯಾವಾಗಲೂ ಇರಲಿ.